ಅಳತೆ ಬಟ್ಟೆ

ಅವಳಿಗೆ ‘ಕತ್ತರಿ’ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು. ಇವುಗಳ ನಡುವೆ ಕೊರಳಿಗೆ ಟೇಪು ಹಾಕಿಕೊಂಡು ಕೂತಿರುತ್ತಿದ್ದಳು. ಆ ಟೇಪು ಮೇಜಿನ ಮೇಲೆ ಹರಡಿದ ಬಟ್ಟೆಗೆ ಮಾತ್ರ. ಯಾರ ಮೈಗೂ ಅವಳು ಅದನ್ನು ತಾಗಿಸುತ್ತಿರಲಿಲ್ಲ.

ಹೊಸ ಗಿರಾಕಿಗಳು ಬಂದು ಕೈ ಅಗಲಿಸಿ ನಿಂತರೆ, ಕತ್ತರಿ ತಲೆಯೂ ಎತ್ತದೆ ಕೇಳುತ್ತಿದ್ದಳು: “ಅಳತೆ ಬಟ್ಟೆ ತಂದಿದ್ದೀರಾ?”

“ಇಲ್ಲ. ಮೈ ಅಳತೇನೇ ತಗೊಳ್ಳಿ.”

“ಮೈ ಸುಳ್ಳು ಹೇಳುತ್ತೆ ಕಣ್ರೀ. ಟೇಪ್ ಕಂಡ ತಕ್ಷಣ ಎಲ್ರೂ ಉಸಿರು ಹಿಡ್ಕೊಂಡು ಹೊಟ್ಟೆ ಒಳಗೆ ಎಳ್ಕೋತಾರೆ. ಆಮೇಲೆ ಹೊಟ್ಟೆ ತುಂಬ ಉಂಡು, ಗುಂಡಿ ಹಾರಿಹೋಯ್ತು ಅಂತ ನನ್ನ ಮೇಲೆ ಹಾರಾಡ್ತಾರೆ. ನಿಮಗೆ ಸರಿಯಾಗಿ ಕೂರೋ ಹಳೇ ಬಟ್ಟೆ ಒಂದು ತನ್ನಿ. ಬಟ್ಟೆ ಸುಳ್ಳು ಹೇಳಲ್ಲ.”

ಗಿರಾಕಿಗಳು ಗೊಣಗಿಕೊಂಡು ಹೋಗುತ್ತಿದ್ದರು, ಹಳೇ ಬಟ್ಟೆ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದರು. ಹೊಲಿಗೆ ಚೆನ್ನಾಗಿತ್ತು, ಬೈಸಿಕೊಂಡರೂ ಬರುವಷ್ಟು ಚೆನ್ನಾಗಿತ್ತು.

ಮನೆ ಮಾವನ ಕಾಲದ್ದು. ಮಾವ ಹೋದ ಮೇಲೆ ಅಣ್ಣ ತಮ್ಮ ಇಬ್ಬರೂ ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿ ಒಂದನ್ನು ಎರಡು ಮಾಡಿಕೊಂಡಿದ್ದರು. ಈಚೆ ಕತ್ತರಿ, ಆಚೆ ಅವಳ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅವಳು ಬೀದಿಗೆಲ್ಲ ‘ಬೇಕರಿಯಮ್ಮ’. ಗಂಡಸರಿಗೆ ಆ ಗೋಡೆ ಸಾಕಾಯಿತು. ಹೆಂಗಸರಿಗೆ ಕಲ್ಲಿನ ಕೋಟೆ ಕಟ್ಟಿದ್ದರೂ ಸಾಲುತ್ತಿರಲಿಲ್ಲ.

ಜಗಳ ಶುರುವಾಗಿದ್ದು ಒಂದು ಬ್ಲೌಸಿನಿಂದ. ಬೇಕರಿಯಮ್ಮ ಅಳತೆಗೆ ಕೊಟ್ಟಿದ್ದು ಎರಡು ಗಂಡು ಹೆರುವ ಮುಂಚಿನ ಬ್ಲೌಸು. ಅದನ್ನು ತೊಟ್ಟಿದ್ದ ಮೈ ಯಾವತ್ತೋ ಮಾಯವಾಗಿತ್ತು, ಇದು ಕುರುಡರಿಗೂ ಕಾಣುವಂಥ ಸಂಗತಿ. ಕತ್ತರಿ ಮಾತ್ರ ಬಟ್ಟೆ ನೋಡಿದಳು, ಓರಗಿತ್ತಿಯನ್ನು ನೋಡಲಿಲ್ಲ. ಕೊಟ್ಟ ಅಳತೆಗೆ ಹೊಲಿದು ಕೊಟ್ಟಳು. ಬೇಕರಿಯಮ್ಮ ಅದರೊಳಗೆ ಒಂದು ತೋಳು ತೂರಿಸಿ, ಇನ್ನೊಂದು ತೋಳು ತೂರಿಸಲಾಗದೆ, ಗಿರಾಕಿಗಳ ಮುಂದೆಯೇ ಕೂಗಿದಳು: “ನನ್ನ ಅಳತೆಗೆ ಹೊಲಿ ಅಂದ್ರೆ ನಿನ್ನ ಮನಸ್ಸಿನ ಅಳತೆಗೆ ಹೊಲಿದಿದ್ದೀಯಲ್ಲೇ!”

ಗಿರಾಕಿಗಳು ಕಿಸಕ್ಕನೆ ನಕ್ಕರು. ಕತ್ತರಿ ಬಿಡುವವಳೇ? “ಬನ್ನು ಉಬ್ಬಿದ್ರೆ ಟೈಲರ್ ಏನ್ ಮಾಡಕ್ಕಾಗುತ್ತೆ ಅಕ್ಕಾ?” ಅಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿಗೆ ಇಬ್ಬರ ನಡುವೆ ಮಾತು ನಿಂತಿತು. ಬೈಗುಳ ನಿಲ್ಲಲಿಲ್ಲ, ಅದು ಹಿತ್ತಿಲಿನ ನಲ್ಲಿಯ ಮೂಲಕ ಹರಿಯತೊಡಗಿತು. ಇದ್ದದ್ದು ಒಂದೇ ನಲ್ಲಿ. ಒಬ್ಬಳು ಕೊಡಪಾನಕ್ಕೆ ಹೇಳುವಳು, “ಕೆಲವರಿಗೆ ನೀರು ಅಂದ್ರೆ ಅಪ್ಪನ ಮನೆ ಆಸ್ತಿ.” ಇನ್ನೊಬ್ಬಳು ಬಕೀಟಿಗೆ ಹೇಳುವಳು, “ಕೆಲವರ ಹೊಟ್ಟೆಉರಿ ಆರಿಸೋಕೆ ಈ ನೀರು ಎಲ್ಲಿ ಸಾಲುತ್ತೆ ಬಿಡು.” ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಈ ಮನೆಯಲ್ಲಿ ಅತ್ತೆ ಇರಲಿಲ್ಲ, ಆದರೂ ಕೊತ್ತಿಗೆ ಏಟು ತಪ್ಪಲಿಲ್ಲ.

ಕತ್ತರಿಯ ಗಂಡ ಲಾರಿ ಡ್ರೈವರು. ಬಂದಾಗ ಎರಡು ದಿನ ನಿದ್ದೆ ಮಾಡಿ ಹೋಗುವವನು. ಹೆಂಡತಿ ದೂರು ಹೇಳಿದರೆ, “ಅತ್ತಿಗೆದೂ ತಪ್ಪಿದೆ, ನಿಂದೂ ತಪ್ಪಿದೆ, ಇಬ್ರೂ ಒಳ್ಳೇವ್ರೇ” ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟು ಮಗ್ಗುಲು ಬದಲಿಸುತ್ತಿದ್ದ. ಪ್ಲೈವುಡ್ಡಿನ ಅಡ್ಡಗೋಡೆ. ದೀಪ ಇಟ್ಟರೆ ಹತ್ತಿಕೊಂಡು ಉರಿಯುವಂಥದ್ದು, ಪುಣ್ಯಾತ್ಮನಿಗೆ ಅದು ತಿಳಿಯಬೇಕಲ್ಲ.

ಗೋಡೆಯ ಎರಡೂ ಕಡೆ ಓಡಾಡುತ್ತಿದ್ದುದು ಕತ್ತರಿಯ ಒಬ್ಬಳೇ ಮಗಳು. ಬೇಕರಿಯಮ್ಮನಿಗೆ ಇದ್ದವರಿಬ್ಬರೂ ಗಂಡು, ಅಮ್ಮನ ಹತ್ತಿರ ಊಟ ಕೇಳಲು ಮಾತ್ರ ಬಾಯಿ ತೆಗೆಯುವಂಥವರು. ಹಾಗಾಗಿ ಈ ಹುಡುಗಿ ಅಂದರೆ ಅವಳಿಗೆ ಪ್ರಾಣ. ಚಿಕ್ಕವಳಿದ್ದಾಗ ಕತ್ತರಿಗೂ ಅದು ಅನುಕೂಲವೇ ಆಗಿತ್ತು, ಕಾಲಿಗೆ ಅಡ್ಡ ಬರುವ ಮಗು ಆಚೆ ಹೋಗಿ ಬನ್ನು ತಿಂದುಕೊಂಡು ಇರಲಿ ಎಂದು. ಮಗಳು ಬೆಳೆದ ಹಾಗೆ, ಗೋಡೆಯಾಚೆ ಅವಳು ನಗುವ ಸದ್ದು ಕೇಳಿದಾಗಲೆಲ್ಲ ಕತ್ತರಿಯ ಹೊಟ್ಟೆಯಲ್ಲಿ ಬೆಂಕಿ ಬೀಳತೊಡಗಿತು. ಈಚೆ ಕಡೆ ಆ ಹುಡುಗಿ ಹಾಗೆ ನಗುತ್ತಿರಲಿಲ್ಲ. ನಲ್ಲಿ ಬೇಕಾದರೆ ಅವಳಿಗೇ ಹೋಗಲಿ, ಹಿತ್ತಿಲೂ ಹೋಗಲಿ, ಮಗಳು ಮಾತ್ರ ಆ ಗೋಡೆಯಾಚೆ ಹೋಗಬಾರದು ಎಂದು ಕತ್ತರಿ ಮಿಷನ್ನಿನ ಮುಂದೆ ಕೂತು ಹಲ್ಲು ಕಚ್ಚುತ್ತಿದ್ದಳು. ಬಾಯಿಬಿಟ್ಟು ಮಗಳಿಗೆ ಇದನ್ನು ಹೇಳಿದಳೇ? ಇಲ್ಲ. “ಅಲ್ಲಿಗೆ ಹೋದ್ರೆ ಕಾಲು ಮುರೀತೀನಿ” ಎಂದಳು.

ಆ ವರ್ಷ ಮಗಳು ಏಳನೇ ಕ್ಲಾಸು. ಮಳೆಗಾಲದ ಬಾಗಿಲಲ್ಲಿ ಶಾಲೆ ಶುರುವಾಗುವ ಹೊತ್ತು ಅಂದರೆ ಟೈಲರುಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಬೀದಿಯ ಮಕ್ಕಳ ಯೂನಿಫಾರ್ಮೆಲ್ಲ ಹೊಲಿದು ಮುಗಿಸಿ, ತನ್ನ ಮಗಳದನ್ನು ಕಟ್ಟಕಡೆಗೆ ಹಿಡಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ. ಕಳೆದ ವರ್ಷದ ಅಂಗಿಯನ್ನು ಮೇಜಿನ ಮೇಲೆ ಹಾಸಿ, ಸುತ್ತ ಎರಡು ಬೆರಳು ಜಾಸ್ತಿ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಪ್ರತಿ ವರ್ಷವೂ ಹಾಗೇ ಮಾಡುತ್ತಿದ್ದಳು, ಪ್ರತಿ ವರ್ಷವೂ ಸರಿಹೋಗುತ್ತಿತ್ತು.

ಶಾಲೆ ಶುರುವಾಗುವ ಬೆಳಿಗ್ಗೆ ಕೊನೆಯ ಗುಂಡಿ ಹಾಕಿ ದಾರ ಕಚ್ಚಿ ಕೊಟ್ಟಳು. ಮಗಳು ತೊಟ್ಟುಕೊಂಡು ಬಂದು ಬಾಗಿಲ ಹತ್ತಿರ ನಿಂತಳು.

“ಅಮ್ಮ, ಇಲ್ಲಿ ಬಿಗಿ ಆಗುತ್ತೆ.”

“ಎಲ್ಲಿ?”

ಹುಡುಗಿ ಎರಡೂ ತೋಳು ಎದೆಯ ಮೇಲೆ ಕಟ್ಟಿಕೊಂಡು ನೆಲ ನೋಡಿದಳು. ಅಷ್ಟರಲ್ಲಿ ಗಿರಾಕಿಯೊಬ್ಬಳು ಅಳುವ ಮಗುವನ್ನು ಎಳೆದುಕೊಂಡು ಬಂದಿದ್ದಳು, ಚಡ್ಡಿಯ ಜಿಪ್ಪು ಕಿತ್ತುಹೋಗಿದೆಯೆಂದು.

“ದಿನಾ ಆಚೆ ಹೋಗಿ ಬನ್ನು ತಿಂದ್ರೆ ಬಿಗಿ ಆಗ್ದೆ ಇನ್ನೇನಾಗುತ್ತೆ? ನೆಟ್ಟಗೆ ನಿಂತ್ಕೋ, ಸರಿಯಾಗುತ್ತೆ. ನಡಿ, ಹೊತ್ತಾಯ್ತು!”

ಹುಡುಗಿ ಮೊಳೆಯ ಮೇಲಿದ್ದ ರೇನ್‌ಕೋಟು ತೆಗೆದುಕೊಂಡು, ಕೊರಳವರೆಗೂ ಗುಂಡಿ ಹಾಕಿಕೊಂಡು ಹೊರಟಳು. ಹೊರಗೆ ಮಳೆ ಇನ್ನೂ ಬಂದಿರಲಿಲ್ಲ.

ಆ ಮಳೆಗಾಲವಿಡೀ ಅವಳು ರೇನ್‌ಕೋಟು ಬಿಚ್ಚಲಿಲ್ಲ. ಮಳೆ ಇದ್ದರೂ ಅದೇ, ಬಿಸಿಲು ಬಂದರೂ ಅದೇ. ಶಾಲೆಯಲ್ಲಿ ಟೀಚರು ಬೈದು ಬಿಚ್ಚಿಸಿದರೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂರುತ್ತಿದ್ದಳಂತೆ. ಮನೆಗೆ ಬಂದವಳೇ ಬಟ್ಟೆ ಬದಲಿಸಿ, ತನ್ನ ಅಂಗಿ ತಾನೇ ಒಗೆದು ಹಾಕುತ್ತಿದ್ದಳು. “ಅಬ್ಬಾ, ಅಂತೂ ಬುದ್ಧಿ ಬಂತು” ಎಂದು ಕತ್ತರಿ ಗಿರಾಕಿಗಳ ಮುಂದೆ ಹೇಳಿಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಕತ್ತರಿಗೂ ಮಗಳು ಮುದ್ದೇ. ಅದು ಮಗಳಿಗೆ ಗೊತ್ತಾಗುವ ದಾರಿಯನ್ನು ಮಾತ್ರ ಅವಳು ಎಲ್ಲೂ ಬಿಟ್ಟಿರಲಿಲ್ಲ.

ಮಳೆ ಹೋಯಿತು, ಚಳಿ ಬಂತು. ರೇನ್‌ಕೋಟಿನ ಜಾಗಕ್ಕೆ ಸ್ವೆಟರು ಬಂತು, ಅಪ್ಪನ ಹಳೆಯ ಸ್ವೆಟರು, ಮೊಣಕಾಲವರೆಗೆ ಇಳಿಯುವಂಥದ್ದು. “ನಿನ್ನದೇ ಇದೆಯಲ್ಲೇ, ಇದ್ಯಾಕೆ ಗೋಣಿಚೀಲ?” ಎಂದು ಕತ್ತರಿ ರೇಗಿದಳು. ಮಗಳು ಅದನ್ನೇ ಇನ್ನಷ್ಟು ಕೆಳಗೆ ಎಳೆದುಕೊಂಡು ಹೊರಟಳು. ಬೆನ್ನು ಬಾಗಿಸಿ ನಡೆಯುವುದು ರೂಢಿಯಾಗಿಬಿಟ್ಟಿತ್ತು. ಕತ್ತರಿ ಕಂಡಾಗಲೆಲ್ಲ ಬೆನ್ನಿಗೆ ಸ್ಕೇಲಿನಿಂದ ತಟ್ಟಿ, “ನೆಟ್ಟಗೆ!” ಎನ್ನುತ್ತಿದ್ದಳು. ತಟ್ಟಿದಾಗ ಹುಡುಗಿ ಇನ್ನಷ್ಟು ಬಾಗುತ್ತಿದ್ದಳು.

ಆಮೇಲೆ ಬಿಸಿಲು ಬಂತು. ತಗಡಿನ ಮಾಡಿನ ಕೆಳಗೆ ಕೂತರೆ ಮಿಷನ್ನಿನ ಕಬ್ಬಿಣ ಮುಟ್ಟಲಾಗದಂಥ ಬಿಸಿಲು. ಮೈಗೆ ಅಂಗಿಯೇ ಭಾರವೆನಿಸುವ ಆ ದಿನಗಳಲ್ಲಿ ಹುಡುಗಿ ಸ್ವೆಟರು ಹಾಕಿಕೊಂಡು ಶಾಲೆಗೆ ಹೊರಟು ನಿಂತಾಗ ಕತ್ತರಿಗೆ ತಲೆ ಕೆಟ್ಟುಹೋಯಿತು.

“ಬಿಚ್ಚೇ ಅದನ್ನ! ಬೀದಿಯವರೆಲ್ಲ ನಗ್ತಿದ್ದಾರೆ, ಟೈಲರ್ ಮಗಳಿಗೆ ಹಾಕ್ಕೊಳ್ಳೋಕೆ ಬಟ್ಟೆ ಇಲ್ವಾ ಅಂತ!”

“ಬಿಚ್ಚಲ್ಲ.”

ಕೆನ್ನೆಗೊಂದು ಬಿತ್ತು. ಹುಡುಗಿ ಅಳಲಿಲ್ಲ. ಸ್ವೆಟರಿನ ತೋಳಿನಲ್ಲಿ ಬೆವರು ಒರೆಸಿಕೊಂಡು ಬೀದಿಗಿಳಿದಳು. ಬೇಕರಿಗೆ ಹೊರಟಿದ್ದ ಬೇಕರಿಯಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು.

ಅದಾಗಿ ವಾರ ಕಳೆದಿರಬೇಕು, ಮಗಳು ಶಾಲೆಯಿಂದ ಸ್ವೆಟರಿಲ್ಲದೆ ಬಂದಳು. ಬೆನ್ನು ನೆಟ್ಟಗಿತ್ತು. ಬ್ಯಾಗು ಎದೆಯ ಮುಂದಿರಲಿಲ್ಲ, ಬೆನ್ನ ಮೇಲಿತ್ತು. ಯಾವುದೋ ಹಾಡು ಗುನುಗುತ್ತಾ ಒಳಗೆ ಕಾಲಿಟ್ಟಳು. ಕತ್ತರಿಗೆ ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ಅವಳ ಕಣ್ಣು ಅಂಗಿಯ ಮೇಲೆ ಬಿತ್ತು.

ಅದೇ ಬಣ್ಣ, ಅದೇ ಯೂನಿಫಾರ್ಮು. ಆದರೆ ಹೊಲಿಗೆ ಅವಳದಲ್ಲ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂತಿತ್ತು. ಎದೆಯ ಹತ್ತಿರ ಎರಡು ಕಡೆ ಬಟ್ಟೆ ಮಡಿಸಿ ಟಕ್ಸ್ ಹಿಡಿದು, ಎಳೆತವಿಲ್ಲದ ಹಾಗೆ, ಜೋತು ಬೀಳದ ಹಾಗೆ ಇಳಿಬಿಟ್ಟಿದ್ದರು. ರೆಡಿಮೇಡು ಹೀಗೆ ಕೂರುವುದಿಲ್ಲ. ಯಾರೋ ಈ ಹುಡುಗಿಯನ್ನು ನಿಲ್ಲಿಸಿಕೊಂಡು, ಟೇಪು ಹಿಡಿದು ಮೈ ಅಳತೆ ತೆಗೆದಿದ್ದರು.

“ಯಾರು ಹೊಲಿದಿದ್ದು ಇದನ್ನ?”

ಹುಡುಗಿಯ ಹಾಡು ನಿಂತಿತು. “ಮಾರ್ಕೆಟ್ ಹತ್ರ ಹೊಸ ಟೈಲರ್ ಆಂಟಿ.”

“ಯಾರು ಕರ್ಕೊಂಡು ಹೋದದ್ದು?”

ಅದಕ್ಕೆ ಉತ್ತರ ಬೇಕಿರಲಿಲ್ಲ. ಟೈಲರ್ ಮಗಳನ್ನು ಇನ್ನೊಬ್ಬ ಟೈಲರ್ ಹತ್ತಿರ ಕರೆದುಕೊಂಡು ಹೋಗುವುದು ಅಂದರೆ ಏನು ಹೇಳಿ! ಮುಖದ ಮೇಲೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. “ಬಿಚ್ಚು” ಎಂದಳು. ಹುಡುಗಿ ಹಿಂದೆ ಸರಿದಳು. “ಬಿಚ್ಚು ಅಂದೆ!” ಒಳಗೆ ಹೋಗಿ ಹುಡುಗಿ ಮನೆಬಟ್ಟೆ ತೊಟ್ಟು ಬಂದಳು, ಹೊಸ ಅಂಗಿಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಕತ್ತರಿ ಅದನ್ನು ಕಿತ್ತುಕೊಂಡು, ಮೇಜಿನ ಮೇಲೆ ಹರಡಿ, ದೊಡ್ಡ ಕತ್ತರಿ ತೆಗೆದುಕೊಂಡು ಎದೆಯ ನಡುವಿನಿಂದ ಕರಕರನೆ ಕತ್ತರಿಸಿದಳು. ಒಂದು ಸಲ ಅಲ್ಲ. ಅಡ್ಡಕ್ಕೆ, ಉದ್ದಕ್ಕೆ, ಕೈ ಸೋಲುವ ತನಕ ಕತ್ತರಿಸಿದಳು.

“ದೊಡ್ಡಮ್ಮಾ!” ಎಂದು ಹುಡುಗಿ ಕೂಗಿದಳು. ಅಮ್ಮಾ ಎನ್ನಲಿಲ್ಲ. ಆ ಕೂಗು ಕತ್ತರಿಯ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಯಿತು.

ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ವರ್ಷಗಳ ಮೇಲೆ ಅವಳು ಗೋಡೆಯ ಈಚೆಗೆ ಕಾಲಿಟ್ಟಿದ್ದು ಅವತ್ತೇ. ಮೇಜಿನ ಮೇಲಿದ್ದ ಚೂರುಗಳನ್ನು ನೋಡಿದಳು.

“ಅಯ್ಯೋ ನಿನ್ನ ಕೈ ಸೇದ್ಹೋಗ! ಇದೇನೇ ಮಾಡಿದ್ದು?”

“ನನ್ನ ಮಗಳು, ನನ್ನ ಕತ್ತರಿ. ನೀವ್ಯಾರು ಕೇಳೋಕೆ? ನಿಮ್ಮ ಮನೇಲಿ ಎರಡು ಕೋಣ ಇದ್ದಾವಲ್ಲ, ಅವಕ್ಕೆ ಹೊಲಿಸಿ ಹಾಕಿ!”

“ನಿನ್ನ ಮಗಳಾ? ಬಾಯಲ್ಲಿ ಹೇಳಿದ್ರೆ ಆಗೋಯ್ತಾ? ಮಳೆ ನಿಂತ್ರೂ ಆ ಮಗು ರೇನ್‌ಕೋಟ್ ಯಾಕೆ ಬಿಚ್ಚಲ್ಲ ಅಂತ ಒಂದಿನ ಕೇಳಿದ್ಯಾ? ಸುಡೋ ಬಿಸಿಲಲ್ಲಿ ಸ್ವೆಟರ್ ಯಾಕೆ ಅಂತ ಕೇಳಿದ್ಯಾ? ಹೊಡೆದೆ! ಎದೆ ಮೇಲೆ ಗುಂಡಿ ನಿಲ್ತಿರಲಿಲ್ಲ ಕಣೇ ಅದಕ್ಕೆ, ಹುಡುಗರೆಲ್ಲ ನೋಡಿ ಕಿಸಿಯೋರು. ಊರಿಗೆಲ್ಲ ಹೊಲೀತೀಯ, ಹೆತ್ತ ಮಗಳ ಮೈಮೇಲೆ ಒಂದ್ಸಲ ಟೇಪ್ ಇಟ್ಟಿದ್ಯಾ ನೀನು?”

“ಅವಳು ನನಗೆ ಹೇಳಿಲ್ಲ!”

“ಹೇಳೋ ಹಾಗಿದ್ರೆ ತಾನೇ ಹೇಳೋಕೆ? ಹೋದ ಚಳಿಗಾಲದಲ್ಲಿ ದೊಡ್ಡವಳಾದಳಲ್ಲ, ಅದನ್ನಾದ್ರೂ ನಿನಗೆ ಹೇಳಿದಳಾ? ನನ್ನ ಹತ್ರ ಬಂದು ನಡುಗ್ತಾ ನಿಂತಿದ್ದಳು ಮಗು. ಅಮ್ಮಂಗೆ ಹೇಳ್ಬೇಡ ದೊಡ್ಡಮ್ಮ ಅಂತ ಕಾಲು ಹಿಡ್ಕೊಂಡಳು. ನೀನು ತಾಯಿಯಂತೆ, ತಾಯಿ!”

ಬೀದಿಯ ಬಾಗಿಲು ತೆರೆದೇ ಇತ್ತು. ಹಾಲಿನವನು ಸೈಕಲ್ಲು ನಿಲ್ಲಿಸಿಕೊಂಡು ನೋಡುತ್ತಿದ್ದ. ಎದುರು ಮನೆಯ ಇಬ್ಬರು ಮೆಟ್ಟಿಲಿಗೆ ಬಂದಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಬೇಕರಿಯಮ್ಮ ಅದನ್ನು ಹೇಳಿದ್ದಳು.

ಹುಡುಗಿ ಮುಖ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ದೊಡ್ಡಮ್ಮನನ್ನೇ ನೋಡಿದಳು.

“ಯಾರಿಗೂ ಹೇಳಲ್ಲ ಅಂದಿದ್ದೆ ನೀನು.”

“ಅಲ್ಲ ಮಗಳೇ, ನಿಮ್ಮಮ್ಮ ಬಾಯಿ ಬಿಡಿಸಿದಳು...”

“ಹೇಳಲ್ಲ ಅಂದಿದ್ದೆ.”

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೇಜಿನ ಮೇಲಿನ ಚೂರುಗಳನ್ನೆಲ್ಲ ಒಟ್ಟುಮಾಡಿ ಮಡಿಲಲ್ಲಿ ತುಂಬಿಕೊಂಡು ಹುಡುಗಿ ಹಿತ್ತಿಲಿಗೆ ಹೋದಳು. ಇಬ್ಬರು ಹೆಂಗಸರೂ ಉಳಿದರು, ಒಬ್ಬಳ ಕೈಯಲ್ಲಿ ಕತ್ತರಿ, ಒಬ್ಬಳ ಕೈಯಲ್ಲಿ ಹಿಟ್ಟು. ಬೇಕರಿಯಮ್ಮ ಬಂದ ದಾರಿಯಲ್ಲೇ ಹೋದಳು.

ಅವತ್ತಿನಿಂದ ಗೋಡೆಯಾಚೆ ಹುಡುಗಿಯ ನಗು ಕೇಳಲಿಲ್ಲ. ಕತ್ತರಿ ಬಯಸಿದ್ದು ಅದನ್ನೇ ತಾನೇ? ಸಿಕ್ಕಿತು, ತಗೋ. ಮಗಳು ಆಚೆಗೆ ಹೋಗಲಿಲ್ಲ, ಈಚೆಗೂ ಇರಲಿಲ್ಲ. ಪರೀಕ್ಷೆ ಮುಗಿಯುವ ತನಕ ಅದೇ ಬಿಗಿ ಅಂಗಿ, ಅದರ ಮೇಲೆ ಅದೇ ಸ್ವೆಟರು. ರಜೆಯಿಡೀ ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಿದ್ದಳು, ಮಡಿಲಲ್ಲಿ ಏನೋ ಇಟ್ಟುಕೊಂಡು. ಊಟಕ್ಕೆ ಕರೆದರೆ ಬಂದು ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಮಾತಾಡಿಸಿದರೆ ಒಂದೋ ಹೂಂ, ಇಲ್ಲವೇ ಉಹೂಂ. ಬೇಕರಿಯಮ್ಮ ಕಿಟಕಿಯಲ್ಲಿ ಬನ್ನು ಇಟ್ಟು ಕಾಯುತ್ತಿದ್ದಳು, ಅದನ್ನು ಇರುವೆಗಳು ತಿನ್ನುತ್ತಿದ್ದವು. ಇಬ್ಬರೂ ನೀರಿಗೆ ಬಂದಾಗ ಆ ಹುಡುಗಿಯ ಮುಂದೆ ಕೊಡಪಾನಕ್ಕೂ ಬಕೀಟಿಗೂ ಹೇಳುವ ಮಾತು ಹೊರಡುತ್ತಿರಲಿಲ್ಲ.

ಕತ್ತರಿಗೆ ಮಗಳ ಮೇಲೆ ಸಿಟ್ಟೇ ಬಂತು. ಇರಲಿ, ಎಷ್ಟು ದಿನ ಬಿಗಿದುಕೊಂಡಿರುತ್ತಾಳೋ ನೋಡೇಬಿಡೋಣ ಎಂದುಕೊಂಡಳು. ಅದರ ಜೊತೆಗೇ, ನಡುಗುತ್ತಾ ನಿಂತ ಮಗುವಿನ ಮಾತು ನೆನಪಾಗಿ ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲ ಸರಿಮಾಡುತ್ತೇನೆ, ಈ ಸಲ ಊರಿನವರದೆಲ್ಲ ಆಮೇಲೆ, ಇವಳದೇ ಮೊದಲು, ನಿಲ್ಲಿಸಿಕೊಂಡು ಮೈ ಅಳತೆ ತೆಗೆದೇ ಹೊಲಿಯುತ್ತೇನೆ ಎಂದು ಒಳ್ಳೆಯ ಬಟ್ಟೆ ತಂದಿಟ್ಟಳು. ಕರೆಯಲು ಮಾತ್ರ ನಾಲಿಗೆ ಏಳಲಿಲ್ಲ. ಬೈಯಲಾದರೆ ಎಷ್ಟು ಸಲೀಸಾಗಿ ಏಳುತ್ತಿತ್ತು ಅದೇ ನಾಲಿಗೆ!

ಮೋಡ ಕಟ್ಟತೊಡಗಿದ ಒಂದು ಮಧ್ಯಾಹ್ನ, ಅಂಗಡಿಯ ತುಂಬ ಯೂನಿಫಾರ್ಮಿಗೆ ಬಂದ ತಾಯಂದಿರು. ಅವರೆಲ್ಲರ ಹಿಂದೆ, ಬೀದಿಯ ಕಡೆಯಿಂದ, ಮಗಳು ಬಂದು ನಿಂತಳು. ಮನೆಯೊಳಗಿನಿಂದ ಬರಬಹುದಿತ್ತು, ಬರಲಿಲ್ಲ. ಮುಂದಿದ್ದವರದೆಲ್ಲ ಮುಗಿಯುವ ತನಕ ಕಾದಳು. ಸರದಿ ಬಂದಾಗ ಬಗಲಲ್ಲಿದ್ದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು.

“ಅಳತೆಗೆ.”

ಅದು ಆ ಅಂಗಿ. ಚೂರುಚೂರುಗಳನ್ನೆಲ್ಲ ಕೈಯಲ್ಲೇ ಕೂಡಿಸಿ ಹೊಲಿದಿದ್ದಳು, ಕಪ್ಪು ದಾರದಲ್ಲಿ, ಒರಟಾಗಿ, ಒಂದು ಚೂರನ್ನೂ ಬಿಡದೆ. ಕತ್ತರಿಯ ಮಗಳಲ್ಲವೇ, ಎಲ್ಲಿ ಯಾವ ಚೂರು ಬರಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಕತ್ತರಿಯ ಕೈ ಕೊರಳಿಗೆ ಹೋಯಿತು, ಟೇಪು ತೆಗೆಯಿತು.

“ಬಾರೇ. ಮೈ ಅಳತೆ ತಗೋತೀನಿ.”

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. “ಬೇಡ. ಬಟ್ಟೆ ತಂದಿದ್ದೀನಲ್ಲ.”

ಕತ್ತರಿ ತಲೆ ಬಗ್ಗಿಸಿ ಟೇಪನ್ನು ಅಂಗಿಯ ಎದೆಯ ಮೇಲೆ ಹಾಸಿದಳು. ಹಾಸಿದವಳು ನಿಂತಳು. ಕತ್ತರಿಸಿದ ಪ್ರತಿ ಕಡೆಯೂ ಕೂಡುಹೊಲಿಗೆ ಬಟ್ಟೆಯನ್ನು ತಿಂದಿತ್ತು, ಇಲ್ಲಿ ಒಂದು ಬೆರಳು, ಅಲ್ಲಿ ಅರ್ಧ ಬೆರಳು. ಎದೆ ಕುಗ್ಗಿತ್ತು, ಭುಜ ಸರಿದಿತ್ತು, ಒಂದು ಕಡೆಯ ಟಕ್ಸ್ ಹೊಲಿಗೆಯೊಳಗೇ ಹೂತುಹೋಗಿತ್ತು. ಮೊದಲು ಎಷ್ಟಿತ್ತೆಂದು ಈ ಬಟ್ಟೆಯಿಂದ ಯಾವ ಟೈಲರೂ ಹೇಳಲು ಸಾಧ್ಯವಿರಲಿಲ್ಲ.

“ಇದರಲ್ಲಿ ಅಳತೆ ಸಿಗಲ್ಲ ಕಣೇ” ಎಂದಳು ಕತ್ತರಿ. “ಹೊಲಿಗೆ ತಿಂದುಬಿಟ್ಟಿದೆ. ಬಿಗಿ ಆಗುತ್ತೆ. ಬಾ ಮಗಳೇ, ಒಂದ್ನಿಮಿಷ ನಿಂತ್ಕೋ ಸಾಕು.”

ಹುಡುಗಿ ಆಗಲೇ ಬೀದಿಯ ಮೆಟ್ಟಿಲು ಇಳಿದಿದ್ದಳು. ಆಕಾಶ ನೋಡಿದಳು.

“ಸಿಕ್ಕಷ್ಟಕ್ಕೆ ಹೊಲಿ” ಎಂದಳು. “ಹೇಗೂ ಮಳೆಗಾಲ ಬರ್ತಾ ಇದೆ. ಮೇಲೆ ರೇನ್‌ಕೋಟ್ ಹಾಕ್ಕೋತೀನಿ.”